ಮ್ಯಾಚೇ ಇಲ್ದಿರೋ ಏಪ್ರಿಲ್‌ನಲ್ಲಿ ಇಷ್ಟೊಂದು ವಾದ ಯಾಕೆ? ಅಮೆರಿಕದ ಕಾಲೇಜ್ ಫುಟ್‌ಬಾಲ್ ಸ್ಪ್ರಿಂಗ್ ಪ್ರಾಕ್ಟೀಸ್ ಅಂದ್ರೆ ಏನು

ನಮ್ಮಕ್ಕನ ಮಗ 2024ರ ಆಗಸ್ಟ್‌ನಲ್ಲಿ ಎಂಎಸ್ ಓದೋಕೆ ಅಂತ ಅಮೆರಿಕದ ಕೊಲಂಬಸ್‌ಗೆ ಹೋದ, ಓಹಾಯೋ ಸ್ಟೇಟ್ ಯೂನಿವರ್ಸಿಟಿಗೆ. ಹೋಗಿ ಐದು ತಿಂಗಳಿಗೆ, ಅಂದ್ರೆ 2025ರ ಜನವರಿಯಲ್ಲಿ, ಅವರ ಕಾಲೇಜ್ ಟೀಮ್ ದೇಶಕ್ಕೇ ಚಾಂಪಿಯನ್ ಆಯ್ತು. ಆ ಸಂಭ್ರಮ ಅವನಿಗೆ ಅರ್ಥ ಆಗೋಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಕಪ್ ಗೆದ್ರೆ ಊರು ಕುಣಿಯುತ್ತೆ ಅಂತ ಆರ್‌ಸಿಬಿ ಊರಿನ ಹುಡುಗನಿಗೆ ಬೇರೆ ಹೇಳ್ಬೇಕಾ. ಆದ್ರೆ ಏಪ್ರಿಲ್‌ನಲ್ಲಿ ಫೋನ್ ಮಾಡ್ದಾಗ ಅವನ ದನಿಯಲ್ಲಿ ನಿಜವಾದ ಗೊಂದಲ ಇತ್ತು. "ಮಾಮ, ಸೀಸನ್ ಮುಗ್ದು ಮೂರು ತಿಂಗಳಾಯ್ತು, ಮುಂದಿನ ಮ್ಯಾಚ್ ಇರೋದು ಆಗಸ್ಟ್ ಕೊನೇಲಿ, ಆದ್ರೆ ನಮ್ ಲ್ಯಾಬಲ್ಲಿ ದಿನಾ ನಿನ್ನೆ ಪ್ರಾಕ್ಟೀಸಲ್ಲಿ ಯಾರು ಚೆನ್ನಾಗಿ ಆಡಿದ್ರು ಅಂತ ಊಟದ ಹೊತ್ತು ಪೂರ್ತಿ ವಾದ ಮಾಡ್ತಾರೆ, ಯಾರೂ ಆ ಪ್ರಾಕ್ಟೀಸ್ ಕಣ್ಣಲ್ಲಿ ನೋಡಿರಲ್ಲ, ಏನಿದು?"

ನಾನು ಆ ದೇಶದಲ್ಲಿ ಕೆಲವು ವರ್ಷ ಇದ್ದಾಗ ಹತ್ತಿಸ್ಕೊಂಡ ಹುಚ್ಚು ಇದು, ಇನ್ನೂ ಬಿಟ್ಟಿಲ್ಲ. ಅವತ್ತು ಫೋನ್‌ನಲ್ಲಿ ಒಂದು ಗಂಟೆ ಹೇಳಿದ್ದನ್ನ ಇಲ್ಲಿ ಇನ್ನೊಂದ್ಚೂರು ಬಿಡಿಸಿ ಬರೀತಿದೀನಿ, ಯಾಕಂದ್ರೆ ಈಗ ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳು ಟೆಕ್ಸಸ್, ಓಹಾಯೋ, ಇಂಡಿಯಾನಾ ಅಂತ ಇಂಥ ಊರುಗಳಲ್ಲೇ ಓದ್ತಿದಾರೆ, ಮಕ್ಕಳು ಫೋನ್‌ನಲ್ಲಿ ಹೇಳೋ ಅರ್ಧ ಮಾತು ಅಪ್ಪ ಅಮ್ಮಂಗೆ ಅರ್ಥಾನೇ ಆಗಲ್ಲ.

ಮೊದಲು ಆಟ ಏನು ಅಂತ ನೋಡೋಣ

ಇದು ನಾವು ಕಾಲಲ್ಲಿ ಒದೆಯೋ ಫುಟ್‌ಬಾಲ್ ಅಲ್ಲ. ಉದ್ದನೆ ಚೆಂಡು, ಕೈಯಲ್ಲಿ ಹಿಡ್ಕೊಂಡು ಓಡೋದು, ಎಸೆಯೋದು. 100 ಗಜದ ಮೈದಾನ, ಒಂದೊಂದು ಕಡೆ 11 ಜನ. ಚೆಂಡು ಯಾರ ಹತ್ರ ಇದ್ಯೋ ಅವ್ರಿಗೆ 4 ಅವಕಾಶ, ಅಷ್ಟರಲ್ಲಿ 10 ಗಜ ಮುಂದಕ್ಕೆ ಹೋಗ್ಬೇಕು, ಹೋದ್ರೆ ಮತ್ತೆ 4 ಅವಕಾಶ, ಹೀಗೇ ಹೋಗಿ ಹೋಗಿ ಎದುರಾಳಿಯ ಗೆರೆ ದಾಟಿದ್ರೆ ಟಚ್‌ಡೌನ್, 6 ಪಾಯಿಂಟ್. ಚೆಂಡು ಇಟ್ಕೊಂಡು ಆಡೋ 11 ಜನಕ್ಕೆ ಅಫೆನ್ಸ್ ಅಂತಾರೆ, ತಡೆಯೋ 11 ಜನಕ್ಕೆ ಡಿಫೆನ್ಸ್. ಇವರಿಬ್ರೂ ಒಂದೇ ಟೀಮಿನಲ್ಲಿ ಪೂರ್ತಿ ಬೇರೆ ಬೇರೆ ಜನ. ಕ್ರಿಕೆಟ್‌ನಲ್ಲಿ ಬ್ಯಾಟ್ ಮಾಡೋ 11 ಜನಾನೇ ಫೀಲ್ಡಿಂಗೂ ಮಾಡ್ತಾರೆ, ಇಲ್ಲಿ ಹಾಗಿಲ್ಲ. ಈ ಒಂದು ವಿಷಯ ನೆನಪಿಟ್ಕೊಳಿ, ಮುಂದೆ ಬೇಕಾಗುತ್ತೆ.

ಅಫೆನ್ಸ್‌ನಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್ ಇರ್ತಾನೆ. ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಬರೋದು ಅವನ ಕೈಗೇ. ಎರಡು ಮೂರು ಸೆಕೆಂಡಲ್ಲಿ ಯಾರಿಗೆ ಎಸೀಬೇಕು, ಓಡ್ಬೇಕಾ, ಬೇರೆಯವ್ರ ಕೈಗೆ ಕೊಡ್ಬೇಕಾ ಅಂತ ತೀರ್ಮಾನ ಮಾಡ್ಬೇಕು, ಅಷ್ಟರಲ್ಲಿ ನೂರಿಪ್ಪತ್ತು ನೂರಮೂವತ್ತು ಕೆಜಿ ತೂಕದ ಆಳುಗಳು ಅವನ ಮೇಲೆ ಬೀಳೋಕೆ ಬರ್ತಿರ್ತಾರೆ. ಬೇರೆ ಜಾಗಗಳಲ್ಲಿ ಇಬ್ರೂ ಚೆನ್ನಾಗಿದ್ರೆ ಇಬ್ರನ್ನೂ ಸರದಿ ಪ್ರಕಾರ ಆಡಿಸ್ಬಹುದು, ಕ್ವಾರ್ಟರ್‌ಬ್ಯಾಕ್ ಮಾತ್ರ ಒಬ್ನೇ. ಮದ್ದಳೆ ಇಬ್ರು ಬಾರಿಸ್ಬಹುದು, ಭಾಗವತ ಒಬ್ನೇ ಹಾಡ್ಬೇಕು ಅನ್ನೋ ತರ. ಸ್ಪ್ರಿಂಗ್‌ನಲ್ಲಿ ನಡೆಯೋ ಅಭಿಮಾನಿಗಳ ವಾದ ಬಹುಪಾಲು ಈ ಒಂದು ಜಾಗದ ಬಗ್ಗೇನೇ.

ಕಾಲೇಜ್ ಟೀಮಿಗೆ ಇಷ್ಟು ಜನ ಯಾಕೆ

ಕಾಲೇಜ್ ಟೀಮ್ ಅಂದ ತಕ್ಷಣ ನಮ್ಮ ಕಣ್ಮುಂದೆ ಇಂಟರ್‌ಕಾಲೇಜ್ ಟೂರ್ನಮೆಂಟ್, ಗ್ಯಾಲರೀಲಿ ಐವತ್ತು ಜನ ಸ್ನೇಹಿತರು ಬರುತ್ತೆ. ಓಹಾಯೋ ಸ್ಟೇಟ್‌ನ ಸ್ಟೇಡಿಯಂ 1922ರಲ್ಲಿ ಶುರುವಾಗಿದ್ದು, ಕುದುರೆ ಲಾಳದ ಆಕಾರ, ಒಂದು ಲಕ್ಷಕ್ಕಿಂತ ಹೆಚ್ಚು ಜನ ಕೂರ್ತಾರೆ. ಪಕ್ಕದ ಮಿಷಿಗನ್ ಯೂನಿವರ್ಸಿಟಿ ಸ್ಟೇಡಿಯಂದು 107,601 ಸೀಟು. ನಮ್ಮ ಚಿನ್ನಸ್ವಾಮಿಯಂಥದ್ದು ಎರಡು ಮೂರು ಅದ್ರೊಳಗೆ ಹಿಡಿಯುತ್ತೆ. ನೆಬ್ರಾಸ್ಕಾ, ಅಲಬಾಮಾದಂಥ ರಾಜ್ಯಗಳಲ್ಲಿ ದೊಡ್ಡ ಪ್ರೊಫೆಷನಲ್ ಫುಟ್‌ಬಾಲ್ ಟೀಮೇ ಇಲ್ಲ, ಅಲ್ಲಿನ ಜನಕ್ಕೆ ಯೂನಿವರ್ಸಿಟಿ ಟೀಮೇ ಎಲ್ಲ, ತಾತ ನೋಡ್ತಿದ್ರು, ಅಪ್ಪ ನೋಡ್ತಿದ್ರು, ಈಗ ನಾವು, ಹಾಗೆ.

ಇನ್ನೊಂದು, ಹೈಸ್ಕೂಲ್ ಮುಗಿಸಿ 3 ವರ್ಷ ಆಗೋತನಕ ಯಾವ ಹುಡುಗನೂ ಎನ್‌ಎಫ್‌ಎಲ್ ಅನ್ನೋ ಪ್ರೊಫೆಷನಲ್ ಲೀಗಿಗೆ ಹೋಗೋ ಹಾಗಿಲ್ಲ, ಹಾಗಾಗಿ ದೇಶದ ಒಳ್ಳೊಳ್ಳೆ ಆಟಗಾರರೆಲ್ಲ ಕಾಲೇಜ್ ಮೂಲಕಾನೇ ಹೋಗ್ಬೇಕು.

ಆದ್ರೆ ಇಷ್ಟೆಲ್ಲ ಹುಚ್ಚು ಇರೋ ಆಟಕ್ಕೆ ಮಾಮೂಲಿ ಸೀಸನ್‌ನಲ್ಲಿ ಇರೋದು 12 ಮ್ಯಾಚ್ ಮಾತ್ರ. ಆಗಸ್ಟ್ ಕೊನೆಯಿಂದ ನವೆಂಬರ್ ಕೊನೆವರೆಗೆ, ವಾರಕ್ಕೊಂದು. ಆಮೇಲೆ ಪ್ಲೇಆಫ್‌ಗೆ ಹೋದವ್ರಿಗೆ ಜನವರಿವರೆಗೆ ಇನ್ನೂ ಕೆಲವು. ಉಳಿದ ಏಳು ತಿಂಗಳು ಏನೂ ಇಲ್ಲ. ಆ ಖಾಲಿ ಏಳು ತಿಂಗಳ ಮಧ್ಯೆ ಮಾರ್ಚ್, ಏಪ್ರಿಲ್‌ನಲ್ಲಿ ಒಂದೇ ಒಂದು ಕಿಟಕಿ ತೆರ್ಕೊಳ್ಳುತ್ತೆ, ಅದೇ ಸ್ಪ್ರಿಂಗ್ ಪ್ರಾಕ್ಟೀಸ್. ಸ್ಪ್ರಿಂಗ್ ಅಂದ್ರೆ ಅಲ್ಲಿ ಚಳಿ ಮುಗಿದು ಎಲೆ ಚಿಗುರೋ ಕಾಲ, ನಮ್ಮಲ್ಲಿ ಯುಗಾದಿ ಆಸುಪಾಸು.

15 ದಿನದ ಲೆಕ್ಕ

ಕೋಚ್‌ಗೆ ಇಷ್ಟ ಬಂದಷ್ಟು ದಿನ ಪ್ರಾಕ್ಟೀಸ್ ಮಾಡ್ಸೋಕಾಗಲ್ಲ. ಕಾಲೇಜ್ ಆಟಗಳನ್ನ ನಡೆಸೋ ಸಂಸ್ಥೆ ಎನ್‌ಸಿಎಎ ಇದಕ್ಕೆ ಲೆಕ್ಕ ಹಾಕಿಟ್ಟಿದೆ. ಇಷ್ಟು ವರ್ಷ ನಡ್ಕೊಂಡು ಬಂದಿರೋ ರೂಲ್ ಪ್ರಕಾರ ಒಟ್ಟು 15 ಪ್ರಾಕ್ಟೀಸ್, ಅವೂ 34 ದಿನದೊಳಗೆ ಮುಗೀಬೇಕು, ಪರೀಕ್ಷೆ ಮತ್ತೆ ರಜದ ದಿನ ಬಿಟ್ಟು. ಈ 15ರಲ್ಲಿ ಮೈಗೆ ಮೈ ತಾಗಿಸಿ ಆಡಬಹುದಾದ್ದು 12. ಆ 12ರಲ್ಲಿ ಎದುರಿನವನನ್ನ ನಿಜವಾಗಿ ಹಿಡಿದು ನೆಲಕ್ಕೆ ಕೆಡವಬಹುದಾದ್ದು, ಅದಕ್ಕೆ ಟ್ಯಾಕಲ್ ಅಂತಾರೆ, 8 ಮಾತ್ರ. ಆ 8ರಲ್ಲೂ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು 11 ಜನಕ್ಕೆ 11 ಜನ ಪೂರ್ತಿ ಮ್ಯಾಚಿನ ತರ ಆಡ್ಸೋದು ಬರೀ 3 ದಿನ. ಈ ಒಳಗೊಳಗೇ ಆಡೋ ಮ್ಯಾಚಿಗೆ ಸ್ಕ್ರಿಮೇಜ್ ಅಂತ ಹೆಸರು.

ಇಷ್ಟು ಕಟ್ಟುನಿಟ್ಟು ಯಾಕೆ ಅಂದ್ರೆ ಎರಡು ಕಾರಣ. ಹುಡುಗರು ವಿದ್ಯಾರ್ಥಿಗಳು, ಕ್ಲಾಸಿಗೆ ಹೋಗ್ಬೇಕು. ಅದಕ್ಕಿಂತ ಮುಖ್ಯವಾದ್ದು ಪೆಟ್ಟು. ತಲೆಗೆ ತಲೆ ಡಿಕ್ಕಿ ಹೊಡೆಯೋ ಆಟ ಇದು, ಪ್ರತಿ ಹೆಚ್ಚುವರಿ ಟ್ಯಾಕಲ್ ದಿನವೂ ಮಿದುಳಿಗೆ, ಮಂಡಿಗೆ ಅಪಾಯಾನೇ. ಏಪ್ರಿಲ್‌ನಲ್ಲಿ ಮಂಡಿಯ ಲಿಗಮೆಂಟ್ ಹರ್ಕೊಂಡ್ರೆ ಆ ಹುಡುಗನಿಗೆ ಆ ವರ್ಷದ ಸೀಸನ್ ಬಹುತೇಕ ಹೋದ ಹಾಗೆ, ಒಂದೂ ಮ್ಯಾಚ್ ಆಡ್ದೇನೇ. ಅಂಥ ಸುದ್ದಿ ಓದಿದಾಗಲೆಲ್ಲ ನನಗೆ ಹೊಟ್ಟೇಲಿ ಸಂಕಟ ಆಗುತ್ತೆ.

ಆ 15 ದಿನದಲ್ಲಿ ಮಾಡೋದೇನು

ನಾಟಕ ಕಂಪನಿ ತಾಲೀಮು ಅಂತ ಅಂದ್ಕೊಳಿ. ಹೊಸ ಪ್ರಸಂಗ, ಅರ್ಧ ಜನ ಹಳಬರು, ಅರ್ಧ ಜನ ಹೊಸಬರು. ಟೀಮಿನ ಹತ್ರ ಒಂದು ಪ್ಲೇಬುಕ್ ಇರುತ್ತೆ, ಯಾವ ಕರೆ ಕೊಟ್ರೆ ಯಾರು ಎಲ್ಲಿ ಓಡ್ಬೇಕು ಅನ್ನೋ ನೂರಾರು ಚಿತ್ರಗಳು ಅದ್ರಲ್ಲಿ. ಸ್ಪ್ರಿಂಗ್‌ನಲ್ಲಿ ದಿನಕ್ಕಿಷ್ಟು ಅಂತ ಅದನ್ನ ತಲೆಗೆ ಹಾಕ್ತಾರೆ. ಮೊದಲು ಒಬ್ಬೊಬ್ಬರಿಗೇ ಬೇರೆ ಬೇರೆ ಡ್ರಿಲ್, ಆಮೇಲೆ ಒಬ್ಬನಿಗೆ ಒಬ್ಬ ಎದುರು, ಆಮೇಲೆ ದಡಿಯರನ್ನ ಬಿಟ್ಟು ಎಸೆಯೋರು ಹಿಡಿಯೋರು ಅಷ್ಟೇ ಸೇರ್ಕೊಂಡು 7ಕ್ಕೆ 7, ಕೊನೆಗೆ 11ಕ್ಕೆ 11.

ಹೈಸ್ಕೂಲನ್ನ ಡಿಸೆಂಬರ್‌ನಲ್ಲೇ ಬೇಗ ಮುಗಿಸಿ ಜನವರಿಯಲ್ಲೇ ಕಾಲೇಜ್ ಸೇರ್ಕೊಳ್ಳೋ ಹುಡುಗರೂ ಇರ್ತಾರೆ, ಬರೀ ಈ ಸ್ಪ್ರಿಂಗ್ ಪ್ರಾಕ್ಟೀಸ್ ಸಿಗ್ಲಿ ಅಂತ. ಯೋಚ್ನೆ ಮಾಡಿ, ಪಿಯುಸಿ ವಯಸ್ಸಿನ ಹುಡುಗ, 17 ಮುಗಿದು 18, ಅವನೆದುರು ನಿಲ್ಲೋನಿಗೆ 22, 23, ಐದು ವರ್ಷ ಜಿಮ್ ಮಾಡಿದ ಮೈ.

ಇಲ್ಲಿ ಎರಡು ಪದ ಗೊತ್ತಿರ್ಬೇಕು. ಒಂದು ಡೆಪ್ತ್ ಚಾರ್ಟ್. ಪ್ರತಿ ಜಾಗಕ್ಕೂ ಮೊದಲನೆಯವ ಯಾರು, ಅವನಿಗೆ ಏನಾದ್ರೂ ಆದ್ರೆ ಎರಡನೆಯವ ಯಾರು, ಮೂರನೆಯವ ಯಾರು ಅನ್ನೋ ಪಟ್ಟಿ. ಇನ್ನೊಂದು ರೆಪ್ಸ್. ಒಂದು ಸಲ ಚೆಂಡು ಆಟಕ್ಕೆ ಬಂದು ನಿಲ್ಲೋವರೆಗೆ ಒಂದು ರೆಪ್. ಪ್ರಾಕ್ಟೀಸಲ್ಲಿ ಇಷ್ಟೇ ರೆಪ್ ಅಂತ ಇರುತ್ತೆ, ಅದ್ರಲ್ಲಿ ಮೊದಲ ಟೀಮಿನ ಜೊತೆ ಆಡೋ ರೆಪ್ ಯಾರಿಗೆ ಎಷ್ಟು ಸಿಕ್ತು ಅನ್ನೋದೇ ನಿಜವಾದ ಸುದ್ದಿ. ಒಬ್ಬೊಬ್ಬ ಹುಡುಗನ ಭವಿಷ್ಯ ಆ ಹಂಚಿಕೆಯಲ್ಲಿ ಕೂತಿರುತ್ತೆ.

ಸ್ಪ್ರಿಂಗ್ ಗೇಮ್

15ನೇ ಪ್ರಾಕ್ಟೀಸನ್ನ ಬಹಳ ಕಾಲೇಜ್‌ಗಳು ಜನಕ್ಕೆ ತೆರೆದಿಡ್ತಾರೆ, ಅದೇ ಸ್ಪ್ರಿಂಗ್ ಗೇಮ್. ಎದುರಾಳಿ ಬೇರೆ ಕಾಲೇಜ್ ಅಲ್ಲ. ನಮ್ಮ ಟೀಮನ್ನೇ ಎರಡು ಭಾಗ ಮಾಡಿ ಎರಡು ಬಣ್ಣದ ಜೆರ್ಸಿ ಹಾಕಿ ಆಡಿಸ್ತಾರೆ, ಇಲ್ಲಾಂದ್ರೆ ಅಫೆನ್ಸ್ ಒಂದು ಕಡೆ ಡಿಫೆನ್ಸ್ ಇನ್ನೊಂದು ಕಡೆ ಮಾಡಿ ಪಾಯಿಂಟ್ ಲೆಕ್ಕಾನೇ ಬದಲಾಯಿಸ್ತಾರೆ, ಡಿಫೆನ್ಸ್ ತಡೆದ್ರೆ ಅದಕ್ಕೂ ಇಷ್ಟು ಪಾಯಿಂಟ್ ಅಂತ.

ಮೈಸೂರಿನವ್ರಿಗೆ ಇದನ್ನ ಅರ್ಥ ಮಾಡ್ಸೋದು ಸುಲಭ. ದಸರಾಗೆ ಮುಂಚೆ ಆನೆಗಳಿಗೆ ತಾಲೀಮು ಕೊಡ್ತಾರಲ್ಲ, ಬೆನ್ನ ಮೇಲೆ ಮರಳು ಮೂಟೆ ಹೇರಿ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಸ್ತಾರೆ, ಚಿನ್ನದ ಅಂಬಾರಿ ಇಲ್ಲ, ಮೆರವಣಿಗೆ ಇಲ್ಲ, ಆದ್ರೂ ರಸ್ತೆ ಎರಡೂ ಕಡೆ ಜನ ನಿಂತು ನೋಡ್ತಾರೆ, ಈ ಸಲ ಈ ಆನೆ ಸ್ವಲ್ಪ ಇಳ್ದಿದೆ, ಆ ಆನೆ ನಡಿಗೆ ಚೆನ್ನಾಗಿದೆ ಅಂತ ಮಾತಾಡ್ಕೊತಾರೆ. ಸ್ಪ್ರಿಂಗ್ ಗೇಮ್ ಅಂದ್ರೆ ಅದೇ. 2016ರಲ್ಲಿ ಓಹಾಯೋ ಸ್ಟೇಟ್‌ನ ಸ್ಪ್ರಿಂಗ್ ಗೇಮಿಗೆ 100,189 ಜನ ಬಂದಿದ್ರು. ಯಾವ ಟೇಬಲ್‌ನಲ್ಲೂ ಲೆಕ್ಕಕ್ಕೆ ಬರದ ಒಂದು ಆಟಕ್ಕೆ ಒಂದು ಲಕ್ಷ ಜನ.

ನನಗೆ ಸ್ಪ್ರಿಂಗ್ ಗೇಮ್ ಅಂದ್ರೆ ಮೊದಲು ನೆನಪಾಗೋದು ಮಾತ್ರ 2013ರ ನೆಬ್ರಾಸ್ಕಾ. ಮಿದುಳಿನ ಕ್ಯಾನ್ಸರ್ ಇದ್ದ 7 ವರ್ಷದ ಜ್ಯಾಕ್ ಹಾಫ್‌ಮನ್ ಅನ್ನೋ ಹುಡುಗನಿಗೆ ಟೀಮಿನ ಜೆರ್ಸಿ ಹಾಕ್ಸಿ ಮೈದಾನಕ್ಕೆ ಕರ್ಕೊಂಡು ಬಂದು ಚೆಂಡು ಕೈಗೆ ಕೊಟ್ರು. ಅವನು 69 ಗಜ ಓಡಿ ಟಚ್‌ಡೌನ್ ಮಾಡ್ದ, ಅಕ್ಕಪಕ್ಕ ದೊಡ್ಡ ದೊಡ್ಡ ಆಟಗಾರರು ಅವನ ಜೊತೆ ಓಡಿದ್ರು, ಕೊನೆಗೆ ಎತ್ಕೊಂಡು ಮೆರೆಸಿದ್ರು. ಅವನು 2025ರ ಜನವರಿಯಲ್ಲಿ ತೀರ್ಕೊಂಡ, 19 ವರ್ಷಕ್ಕೆ. ಸ್ಪ್ರಿಂಗ್ ಗೇಮ್‌ನ ಸ್ಕೋರ್ ಯಾರೂ ನೆನಪಿಟ್ಕೊಳಲ್ಲ, ಆ ಓಟ ನೋಡಿದವ್ರು ಮರ್ತಿಲ್ಲ.

ನಮ್ಮ ಬೌಲರ್‌ಗೆ ನಮ್ಮ ಬ್ಯಾಟ್ಸ್‌ಮನ್ನೇ ಸಿಕ್ಸ್ ಹೊಡೆದ್ರೆ

ಈಗ ವಾದದ ಬೇರಿಗೆ ಬರೋಣ. ನಮ್ಮ ಟೀಮ್ ಒಳಗೊಳಗೇ ಆಡ್ತಿದೆ. ಕ್ವಾರ್ಟರ್‌ಬ್ಯಾಕ್ 60 ಗಜ ದೂರ ಎಸ್ದ, ಟಚ್‌ಡೌನ್ ಆಯ್ತು. ಇದು ಖುಷಿ ಸುದ್ದಿನಾ, ಚಿಂತೆ ಸುದ್ದಿನಾ? ಎಸೆದವ್ನೂ ನಮ್ಮವನೇ, ತಡೀಲಾರದೆ ಹೋದವ್ನೂ ನಮ್ಮವನೇ. ಆರ್‌ಸಿಬಿ ನೆಟ್ಸ್‌ನಲ್ಲಿ ನಮ್ಮ ಓಪನರ್ ನಮ್ಮ ಫಾಸ್ಟ್ ಬೌಲರ್‌ಗೆ ನಾಲ್ಕು ಸಿಕ್ಸ್ ಹೊಡ್ದ ಅಂದ್ರೆ ಒಬ್ಬ ಅಭಿಮಾನಿ ಬ್ಯಾಟಿಂಗ್ ಬೆಂಕಿ ಅಂತಾನೆ, ಇನ್ನೊಬ್ಬ ಅಯ್ಯೋ ಬೌಲಿಂಗ್ ಹೋಯ್ತು ಅಂತಾನೆ. ಇಬ್ರ ಹತ್ರಾನೂ ಇರೋದು ಒಂದೇ ಸಾಕ್ಷಿ. ಅಫೆನ್ಸ್, ಡಿಫೆನ್ಸ್ ಪೂರ್ತಿ ಬೇರೆ ಜನ ಅಂತ ಮೊದಲೇ ಹೇಳಿದ್ನಲ್ಲ, ಅದಕ್ಕೇ ಇಲ್ಲಿ ಒಬ್ಬರ ಗೆಲುವು ನೇರವಾಗಿ ಇನ್ನೊಬ್ಬರ ಸೋಲು, ಟೀಮಿನ ಲೆಕ್ಕದಲ್ಲಿ ಕೂಡಿ ಕಳೆದ್ರೆ ಸೊನ್ನೆ.

ಇದ್ರ ಮೇಲೆ ಇನ್ನೂ ಕೆಲವು ಪರದೆಗಳಿವೆ. ಪ್ರಾಕ್ಟೀಸಲ್ಲಿ ಕ್ವಾರ್ಟರ್‌ಬ್ಯಾಕ್‌ಗಳು ಬೇರೆ ಬಣ್ಣದ ಜೆರ್ಸಿ ಹಾಕಿರ್ತಾರೆ, ಅಂದ್ರೆ ಅವರನ್ನ ಯಾರೂ ಕೆಡವೋ ಹಾಗಿಲ್ಲ, ಹತ್ರ ಬಂದು ಮುಟ್ಟಿದ್ರೆ ಸಾಕು ಸೀಟಿ ಊದ್ತಾರೆ. ಹಾಗಾಗಿ ಹಿಡಿಯೋಕೆ ಬಂದವ್ರಿಂದ ತಪ್ಪಿಸ್ಕೊಂಡು ಓಡೋದೇ ಯಾರ ಶಕ್ತಿನೋ ಅಂಥವ್ನು ಇಲ್ಲಿ ಸಾಮಾನ್ಯ ಅನಿಸ್ತಾನೆ, ಯಾಕಂದ್ರೆ ಅವನು ತಪ್ಪಿಸ್ಕೊಳ್ಳೋ ಮುಂಚೇನೇ ಸೀಟಿ ಬಿದ್ದಿರುತ್ತೆ. ಉಲ್ಟಾನೂ ಆಗುತ್ತೆ, ಪೆಟ್ಟು ಬೀಳಲ್ಲ ಅಂತ ಧೈರ್ಯವಾಗಿ ನಿಂತು ಚೆನ್ನಾಗಿ ಎಸೆಯೋ ಹುಡುಗ ಸೆಪ್ಟೆಂಬರ್‌ನಲ್ಲಿ ನಿಜವಾದ ಪೆಟ್ಟು ಬಿದ್ದಾಗ ಬೇರೇನೇ ಆಗ್ಬಹುದು. ಇನ್ನು ಕೋಚ್‌ಗಳು ಜನ ನೋಡೋ ದಿನ ಪ್ಲೇಬುಕ್‌ನ ಸಾದಾ ಪಾಠಗಳನ್ನಷ್ಟೇ ಆಡಿಸ್ತಾರೆ, ಟೀವಿಯಲ್ಲಿ ಎದುರಾಳಿ ಕೋಚ್‌ಗಳೂ ನೋಡ್ತಿರ್ತಾರಲ್ಲ. ಪೆಟ್ಟಾದ ಹಳೇ ಆಟಗಾರರು, ಈಗಾಗ್ಲೇ ತಮ್ಮ ಸಾಮರ್ಥ್ಯ ತೋರಿಸಿರೋರು ಆಡೋದೇ ಇಲ್ಲ. ಆಗ ಒಬ್ಬ ಹೊಸ ಹುಡುಗ 100 ಗಜ ಓಡ್ದ ಅಂದ್ರೆ ಅದು ಮೂರನೇ ಸಾಲಿನ ಡಿಫೆನ್ಸ್ ಎದುರಿಗೆ ಓಡಿರ್ಬಹುದು. ಅಂಕಿ ನಿಜ, ಆದ್ರೆ ಯಾರ ಎದುರು ಅನ್ನೋದು ಅಂಕಿಯಲ್ಲಿ ಬರಲ್ಲ.

2018ರಲ್ಲಿ ಕೊಲಂಬಸ್‌ನಲ್ಲಿ ಆಗಿದ್ದು

ಈ ವಾದಗಳು ಎಷ್ಟು ಕಷ್ಟದ್ದು ಅಂತ ತೋರ್ಸೋಕೆ ನಾನು ಯಾವಾಗ್ಲೂ ಹೇಳೋ ಕಥೆ ಇದು. 2018ರ ಸ್ಪ್ರಿಂಗ್‌ನಲ್ಲಿ ಓಹಾಯೋ ಸ್ಟೇಟ್‌ಗೆ ಹೊಸ ಕ್ವಾರ್ಟರ್‌ಬ್ಯಾಕ್ ಬೇಕಿತ್ತು. ಡ್ವೇನ್ ಹ್ಯಾಸ್ಕಿನ್ಸ್ ಇದ್ದ, ಹಿಂದಿನ ನವೆಂಬರ್‌ನಲ್ಲಿ ಮಿಷಿಗನ್ ಮೇಲಿನ ಮ್ಯಾಚಲ್ಲಿ ಮೊದಲ ಕ್ವಾರ್ಟರ್‌ಬ್ಯಾಕ್‌ಗೆ ಪೆಟ್ಟಾದಾಗ ಮಧ್ಯದಲ್ಲಿ ಬಂದು ಗೆಲ್ಲಿಸಿದ್ದ. ಜೋ ಬರೋ ಇದ್ದ, ಓಹಾಯೋದಲ್ಲೇ ಬೆಳೆದ ಹುಡುಗ, 2015ರಿಂದ ಟೀಮಲ್ಲಿ ಕಾಯ್ತಿದ್ದ, 2017ರ ಆಗಸ್ಟ್‌ನಲ್ಲಿ ಎಸೆಯೋ ಕೈ ಮೂಳೆ ಮುರ್ಕೊಂಡು ಸರದಿಯಲ್ಲಿ ಹಿಂದೆ ಬಿದ್ದಿದ್ದ. ಇಡೀ ಸ್ಪ್ರಿಂಗ್ ಊರೆಲ್ಲ ಇದೇ ಮಾತು. ಒಬ್ರಿಗೆ ಹ್ಯಾಸ್ಕಿನ್ಸ್ ಕೈಬಲ, ಇನ್ನೊಬ್ರಿಗೆ ಬರೋ ತಲೆ.

ಏಪ್ರಿಲ್‌ನ ಸ್ಪ್ರಿಂಗ್ ಗೇಮಲ್ಲಿ ಬರೋ ಚೆನ್ನಾಗೇ ಆಡ್ದ. ಆದ್ರೂ ಮೊದಲ ಜಾಗ ಸಿಗೋದು ಅನುಮಾನ ಅಂತ ಅವನಿಗೆ ಗೊತ್ತಾಯ್ತು, ಮೇ ತಿಂಗಳಲ್ಲಿ ಡಿಗ್ರಿ ಮುಗಿಸ್ಕೊಂಡು ಲೂಸಿಯಾನಾದ ಎಲ್‌ಎಸ್‌ಯುಗೆ ಹೋಗ್ಬಿಟ್ಟ.

ಈಗ ಯಾರ ತೀರ್ಮಾನ ಸರಿ? ಆ ವರ್ಷ ಹ್ಯಾಸ್ಕಿನ್ಸ್ 50 ಟಚ್‌ಡೌನ್ ಪಾಸ್ ಎಸ್ದ, ಅಂದ್ರೆ ಅವನು ಎಸೆದ ಚೆಂಡು ಹಿಡಿದು ಟೀಮಿನವ್ರು 50 ಸಲ ಟಚ್‌ಡೌನ್ ಮಾಡಿದ್ರು, ಹಾಗಾಗಿ ಕೋಚ್ ಆರಿಸಿದ್ದು ಸರಿ. ಬರೋ ಅದೇ ವರ್ಷ ಎಲ್‌ಎಸ್‌ಯುನಲ್ಲಿ 16 ಎಸ್ದ, ನೋಡಿದ್ರಾ ನಾವು ಹೇಳಿದ್ವಿ ಅಂದವ್ರಿದ್ರು. ಮುಂದಿನ ವರ್ಷ 2019, ಅದೇ ಬರೋ 60 ಟಚ್‌ಡೌನ್ ಎಸೆದು, ಟೀಮನ್ನ 15ಕ್ಕೆ 15 ಗೆಲ್ಲಿಸಿ, ಚಾಂಪಿಯನ್ ಮಾಡಿ, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡೋ ಹೈಸ್‌ಮನ್ ಟ್ರೋಫಿ ತಗೊಂಡು, 2020ರ ಎನ್‌ಎಫ್‌ಎಲ್ ಆಯ್ಕೆಯಲ್ಲಿ ಎಲ್ರಿಗಿಂತ ಮೊದಲನೆಯವನಾಗಿ ಹೋದ. ಏಪ್ರಿಲ್‌ನಲ್ಲಿ ನೋಡಿದವ್ರಿಗೆ ಇಷ್ಟೆಲ್ಲ ಹೇಗೆ ಕಾಣುತ್ತೆ ಹೇಳಿ. ಇಪ್ಪತ್ತು ವರ್ಷದ ಹುಡುಗ ಹದಿನೆಂಟು ತಿಂಗಳಲ್ಲಿ ಬೇರೇನೇ ಆಟಗಾರ ಆಗ್ಬಿಡ್ತಾನೆ.

ಹ್ಯಾಸ್ಕಿನ್ಸ್ 2022ರ ಏಪ್ರಿಲ್‌ನಲ್ಲಿ ರಸ್ತೆ ಅಪಘಾತದಲ್ಲಿ ಹೋಗ್ಬಿಟ್ಟ, 24 ವರ್ಷ ಅಷ್ಟೇ. ಆ ಹಳೇ ವಾದ ಈಗ್ಲೂ ಯಾರಾದ್ರೂ ತೆಗೆದ್ರೆ ನನಗೆ ಅದ್ರಲ್ಲಿ ಪಕ್ಷ ಹಿಡಿಯೋ ಮನಸ್ಸೇ ಬರಲ್ಲ.

ದುಡ್ಡು ಬಂತು, ಬಾಗಿಲು ತೆರೀತು

ಮುಂಚೆ ಸ್ಪ್ರಿಂಗ್ ವಾದ ಅಂದ್ರೆ ಯಾರು ಮೊದಲ ಜಾಗ ತಗೊತಾರೆ ಅನ್ನೋದಷ್ಟೇ. ಈಗ ಯಾರು ಟೀಮಲ್ಲಿ ಉಳೀತಾರೆ ಅನ್ನೋದೂ ಸೇರ್ಕೊಂಡಿದೆ. ಇದಕ್ಕೆ ಕಾರಣ ಎರಡು ಬದಲಾವಣೆ.

ಮೊದಲನೇದು ಟ್ರಾನ್ಸ್‌ಫರ್ ಪೋರ್ಟಲ್. 2018ರ ಅಕ್ಟೋಬರ್‌ನಲ್ಲಿ ಶುರುವಾದ ಒಂದು ಪಟ್ಟಿ ಅದು, ನಾನು ಕಾಲೇಜ್ ಬದಲಾಯಿಸ್ಬೇಕು ಅಂತ ಆಟಗಾರ ಹೆಸರು ಹಾಕಿಸಿದ್ರೆ ಬೇರೆ ಕೋಚ್‌ಗಳು ಅವನ ಜೊತೆ ಮಾತಾಡ್ಬಹುದು. ಮುಂಚೆ ಹಾಗೆ ಬದಲಾಯಿಸಿದ್ರೆ ಸಾಮಾನ್ಯವಾಗಿ ಒಂದು ವರ್ಷ ಸುಮ್ನೆ ಕೂರ್ಬೇಕಿತ್ತು. 2021ರಲ್ಲಿ ಒಂದು ಸಲ ಕೂರ್ದೇನೇ ಹೋಗ್ಬಹುದು ಅಂತ ಮಾಡಿದ್ರು, 2024ರಲ್ಲಿ ಓದಿನಲ್ಲಿ ಸರಿಯಾಗಿದ್ರೆ ಎಷ್ಟು ಸಲ ಬೇಕಾದ್ರೂ ಹೋಗಿ ಅಂತಾಯ್ತು.

ಎರಡನೇದು ದುಡ್ಡು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿಂದ ಸಂಪಾದಿಸ್ಬಹುದು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ಒಂದು ರಾಜಿ ಪ್ರಕಾರ ಈಗ ಕಾಲೇಜ್‌ಗಳೇ ನೇರವಾಗಿ ಕೊಡ್ಬಹುದು, ಮೊದಲ ವರ್ಷಕ್ಕೆ ಒಂದೊಂದು ಕಾಲೇಜ್ ತನ್ನ ಎಲ್ಲ ಆಟಗಳೂ ಸೇರಿ ಸುಮಾರು 20.5 ಮಿಲಿಯನ್ ಡಾಲರ್‌ವರೆಗೆ. ಅದ್ರ ಜೊತೆಗೇ ಫುಟ್‌ಬಾಲ್ ಟೀಮಲ್ಲಿ 105 ಜನ ಮಾತ್ರ ಅನ್ನೋ ಮಿತಿ ಬಂತು. ಸ್ಕಾಲರ್‌ಶಿಪ್ ಇಲ್ದೆ ಬರೀ ಆಸೆಯಿಂದ ಬಂದು ಪ್ರಾಕ್ಟೀಸಲ್ಲಿ ಪೆಟ್ಟು ತಿಂದು ಆಡೋ ಹುಡುಗರಿಗೆ ಇದ್ರಿಂದ ಜಾಗಾನೇ ಕಮ್ಮಿ ಆಯ್ತು, ಅವ್ರ ಬಗ್ಗೆ ಯಾರೂ ಹೆಚ್ಚು ವಾದ ಮಾಡಲ್ಲ ಅನ್ನೋದೇ ನನಗೆ ಬೇಜಾರು.

ಇವೆರಡೂ ಸೇರಿದಾಗ ಏನಾಗುತ್ತೆ ಅಂತ 2025ರ ಏಪ್ರಿಲ್‌ನಲ್ಲಿ ಟೆನ್ನೆಸ್ಸಿಯಲ್ಲಿ ಕಂಡಿತು. ಅಲ್ಲಿನ ಕ್ವಾರ್ಟರ್‌ಬ್ಯಾಕ್ ನಿಕೋ ಇಯಾಮಲಿಯಾವಾ, ಹಿಂದಿನ ಸೀಸನ್‌ನಲ್ಲಿ ಟೀಮನ್ನ ಪ್ಲೇಆಫ್‌ವರೆಗೆ ತಂದವನು. ದುಡ್ಡಿನ ಒಪ್ಪಂದ ಬದಲಾಯಿಸೋ ಮಾತುಕತೆ ಸುದ್ದಿ ಓಡಾಡ್ತಿದ್ದಾಗ್ಲೇ ಸ್ಪ್ರಿಂಗ್ ಗೇಮ್ ಹಿಂದಿನ ದಿನದ ಪ್ರಾಕ್ಟೀಸಿಗೆ ಅವನು ಬರ್ಲೇ ಇಲ್ಲ. ಮಾರನೇ ದಿನ ಕೋಚ್ ಜಾಶ್ ಹೈಪಲ್ ಅವನಿಲ್ದೇ ಮುಂದಕ್ಕೆ ಹೋಗ್ತೀವಿ ಅಂದ್ಬಿಟ್ರು. ಅವನು ಕ್ಯಾಲಿಫೋರ್ನಿಯಾದ ಯುಸಿಎಲ್‌ಎಗೆ ಹೋದ. ಯುಸಿಎಲ್‌ಎನಲ್ಲಿ ಆ ಸ್ಪ್ರಿಂಗ್ ಪೂರ್ತಿ ಬೆವರು ಸುರಿಸಿದ್ದ ಜೋಯ್ ಅಗಿಲಾರ್ ಅನ್ನೋ ಹುಡುಗ ಜಾಗ ಖಾಲಿ ಮಾಡಿ ಟೆನ್ನೆಸ್ಸಿಗೆ ಬಂದ. ಅಂದ್ರೆ ಎರಡೂ ಊರಿನ ಅಭಿಮಾನಿಗಳು ಒಂದೂವರೆ ತಿಂಗಳು ಯಾರ ಪ್ರಾಕ್ಟೀಸ್ ಬಗ್ಗೆ ವಾದ ಮಾಡಿದ್ರೋ ಆ ಹುಡುಗ ಇನ್ನೊಂದೂರಲ್ಲಿ.

ಇದೇ ಕಾರಣಕ್ಕೆ ಕೆಲವು ಕೋಚ್‌ಗಳು ಪ್ರಾಕ್ಟೀಸನ್ನ ಮುಚ್ಚಿಡೋಕೆ ಶುರು ಮಾಡಿದ್ರು. ನೆಬ್ರಾಸ್ಕಾ ಕೋಚ್ ಮ್ಯಾಟ್ ರೂಲ್ 2025ರಲ್ಲಿ ಮಾಮೂಲಿ ಸ್ಪ್ರಿಂಗ್ ಗೇಮ್ ಬೇಡ ಅಂದ್ರು, ಹಿಂದಿನ ವರ್ಷದ್ದು ಟೀವಿಯಲ್ಲಿ ನೋಡಿ ಬೇರೆಯವ್ರು ನಮ್ಮ ಹುಡುಗರಿಗೆ ಗಾಳ ಹಾಕಿದ್ರು ಅನ್ನೋದು ಅವ್ರ ಮಾತು. ಟೆಕ್ಸಸ್ ಕೂಡ ಆ ವರ್ಷ ನಡೆಸ್ಲಿಲ್ಲ. ಕೊಲೊರಾಡೋ ಕೋಚ್ ಡಿಯಾನ್ ಸ್ಯಾಂಡರ್ಸ್ ಮಾತ್ರ ಉಲ್ಟಾ ಯೋಚ್ನೆ ಮಾಡಿ ಬೇರೆ ಕಾಲೇಜ್ ಜೊತೇನೇ ಸ್ಪ್ರಿಂಗ್‌ನಲ್ಲಿ ಆಡೋಣ ಅಂದ್ರು, ಸಿರಾಕ್ಯೂಸ್ ಒಪ್ಕೊಂಡಿತ್ತು, ಎನ್‌ಸಿಎಎ ಬಿಡ್ಲಿಲ್ಲ. ಆಮೇಲೆ ಪೋರ್ಟಲ್‌ಗೆ ಹೆಸರು ಹಾಕಿಸೋಕೆ ಏಪ್ರಿಲ್‌ನಲ್ಲಿ ತೆರೀತಿದ್ದ ಬಾಗಿಲನ್ನೇ ಮುಚ್ಚಿದ್ರು, 2026ರಲ್ಲಿ ಜನವರಿ 2ರಿಂದ 16ರವರೆಗೆ ಒಂದೇ ಸಲ ಅಂತ. ಹೀಗಾದ್ರೆ ಸ್ಪ್ರಿಂಗ್‌ನಲ್ಲಿ ಇದ್ದ ಹುಡುಗ ಆಗಸ್ಟ್‌ನಲ್ಲೂ ಇರ್ತಾನೆ ಅನ್ನೋ ನಂಬಿಕೆ ಸ್ವಲ್ಪ ವಾಪಸ್ ಬರುತ್ತೆ.

ಹಾಗಾದ್ರೆ ಸ್ಪ್ರಿಂಗ್‌ನಲ್ಲಿ ಏನೂ ತಿಳಿಯಲ್ವಾ

ತಿಳಿಯುತ್ತೆ, ನೋಡೋ ಜಾಗ ಬೇರೆ. ಯಾರು ಎಷ್ಟು ಟಚ್‌ಡೌನ್ ಎಸೆದ್ರು ಅನ್ನೋದಕ್ಕಿಂತ ಯಾರು ಮೊದಲ ಟೀಮಿನ ಜೊತೆ ನಿಂತಿದ್ರು ಅಂತ ನೋಡಿ. ಮೊದಲ ವಾರ ಎರಡನೇ ಸಾಲಲ್ಲಿದ್ದ ಹುಡುಗ ಕೊನೇ ವಾರ ಮೊದಲ ಸಾಲಿಗೆ ಬಂದ್ರೆ ಅದು ಮುಚ್ಚಿದ ಬಾಗಿಲ ಹಿಂದೆ ಹನ್ನೆರಡು ಹದಿಮೂರು ದಿನ ನೋಡಿದ ಕೋಚ್‌ಗಳ ಅಭಿಪ್ರಾಯ, ನಾವು ನೋಡೋ ಎರಡು ಗಂಟೆಗಿಂತ ಅದು ಎಷ್ಟೋ ಗಟ್ಟಿ. ಮೈಕಟ್ಟು ನೋಡಿ, ಹೋದ ವರ್ಷ ಕಡ್ಡಿ ತರ ಇದ್ದವನು ಈಗ ಹೇಗಿದಾನೆ, ಪೆಟ್ಟಾಗಿದ್ದವನು ಕುಂಟ್ದೇ ಓಡ್ತಿದಾನಾ. ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಚೆಂಡು ಎಲ್ಲಿಗೆ ಹೋಯ್ತು ಅನ್ನೋದಕ್ಕಿಂತ ಎಷ್ಟು ಬೇಗ ಕೈಬಿಡ್ತು ಅನ್ನೋದನ್ನ ಗಮನಿಸಿ, ತಲೆ ಓಡ್ತಿದ್ಯಾ ಇಲ್ವಾ ಅನ್ನೋದು ಅಲ್ಲಿ ಕಾಣುತ್ತೆ, ಎದುರಿಗಿರೋದು ಮೂರನೇ ಸಾಲಾದ್ರೂ ಅದು ಸುಳ್ಳು ಹೇಳಲ್ಲ.

ಕೋಚ್ ಮಾತನ್ನ ಮಾತ್ರ ತೂಗಿ ಕೇಳ್ಬೇಕು. ಪ್ರಾಕ್ಟೀಸಿಗೆ ಪತ್ರಕರ್ತರನ್ನ ಬಿಡೋದೇ ಬಹಳ ಕಡೆ ಸ್ವಲ್ಪ ಹೊತ್ತು, ಉಳಿದಿದ್ದು ಕೋಚ್ ಬಾಯಿಂದಾನೇ ಬರ್ಬೇಕು. ಆ ಕೋಚ್ ಮಾತಾಡ್ತಿರೋದು ನಮಗೊಬ್ರಿಗೇ ಅಲ್ಲ, ಕೂತು ಕೇಳಿಸ್ಕೊತಿರೋ ಎರಡನೇ ಹುಡುಗನಿಗೂ, ಅವನ ಅಪ್ಪ ಅಮ್ಮಂಗೂ. ಸ್ಪರ್ಧೆ ಇನ್ನೂ ನಡೀತಿದೆ ಅಂದ್ರೆ ನಿಜವಾಗ್ಲೂ ನಡೀತಿರ್ಬಹುದು, ಇಲ್ಲಾಂದ್ರೆ ಯಾರೂ ಬಿಟ್ಟು ಹೋಗ್ದಿರ್ಲಿ ಅಂತಾನೂ ಇರ್ಬಹುದು.

ಆರ್ಚ್ ಮ್ಯಾನಿಂಗ್ ಮತ್ತೆ ಜೂಲಿಯನ್ ಸೇಯನ್

ನಮ್ಮ ಹುಡುಗನ ಲ್ಯಾಬಲ್ಲಿ 2025ರ ಏಪ್ರಿಲ್‌ನಲ್ಲಿ ನಡೀತಿದ್ದ ಜಗಳ ಇದೇ. ಗೆಲ್ಲಿಸಿದ ಕ್ವಾರ್ಟರ್‌ಬ್ಯಾಕ್ ಎನ್‌ಎಫ್‌ಎಲ್‌ಗೆ ಹೋಗಿಯಾಗಿತ್ತು. ಜಾಗಕ್ಕೆ ಜೂಲಿಯನ್ ಸೇಯನ್ನಾ, ಲಿಂಕನ್ ಕೀನ್‌ಹೋಲ್ಟ್ಸಾ? ಕೋಚ್ ರಯಾನ್ ಡೇ ಸ್ಪ್ರಿಂಗ್ ಮುಗಿದ್ರೂ ಹೆಸರು ಹೇಳ್ಲಿಲ್ಲ. ಆಗಸ್ಟ್‌ನ ಮೊದಲ ಮ್ಯಾಚೇ ಟೆಕ್ಸಸ್ ಮೇಲೆ, ಅಲ್ಲಿ ಆರ್ಚ್ ಮ್ಯಾನಿಂಗ್. ಎನ್‌ಎಫ್‌ಎಲ್‌ನಲ್ಲಿ ಹೆಸರು ಮಾಡಿದ ಪೇಯ್ಟನ್ ಮತ್ತೆ ಈಲೈ ಮ್ಯಾನಿಂಗ್‌ರ ಅಣ್ಣನ ಮಗ ಅವನು, ಹಾಗಾಗಿ ಕಾಲೇಜ್ ಸೇರೋ ಮುಂಚೇನೇ ದೇಶಕ್ಕೆಲ್ಲ ಹೆಸರು ಗೊತ್ತು.

ಅವನ ಮೊದಲ ಸ್ಪ್ರಿಂಗ್ ಗೇಮ್ 2023ರಲ್ಲಿ ಸಪ್ಪೆ ಹೋಗಿತ್ತು, ಆಗ ಹೆಸರು ಮಾತ್ರ ದೊಡ್ಡದು ಅಂದ್ರು. 2024ರ ಸ್ಪ್ರಿಂಗ್ ಗೇಮಲ್ಲಿ ಒಟ್ಟು 355 ಗಜ, 3 ಟಚ್‌ಡೌನ್ ಎಸ್ದ, ಆಗ ಇವನನ್ನೇ ಆಡಿಸಿ ಅಂತ ಗಲಾಟೆ. ಕೋಚ್ ಸ್ಟೀವ್ ಸಾರ್ಕೀಸಿಯನ್ ಆ ಸೀಸನ್ ಅನುಭವಿ ಕ್ವಿನ್ ಯೂವರ್ಸ್‌ನನ್ನೇ ಮುಂದುವರೆಸಿದ್ರು, ಟೀಮ್ ಪ್ಲೇಆಫ್ ಸೆಮಿಫೈನಲ್‌ವರೆಗೆ ಹೋಯ್ತು. 2025ಕ್ಕೆ ಕೊನೆಗೂ ಆರ್ಚ್ ಸರದಿ, ಆ ಸ್ಪ್ರಿಂಗ್‌ನಲ್ಲಿ ಜನ ನೋಡೋಕೆ ಆಟಾನೇ ಇರ್ಲಿಲ್ಲ, ಆದ್ರೂ ಸೀಸನ್ ಶುರುವಿನ ರ‍್ಯಾಂಕಿಂಗ್‌ನಲ್ಲಿ ಟೆಕ್ಸಸ್ ನಂಬರ್ 1.

ಆಗಸ್ಟ್ 30, ಕೊಲಂಬಸ್. ಓಹಾಯೋ ಸ್ಟೇಟ್ 14, ಟೆಕ್ಸಸ್ 7. ಮ್ಯಾನಿಂಗ್ 30 ಪಾಸ್‌ನಲ್ಲಿ 17 ಮುಟ್ಟಿಸ್ದ, 170 ಗಜ. ಅವತ್ತು ಮೊದಲ ಸಲ ಶುರುವಿಂದ ಆಡಿದ ಸೇಯನ್‌ದು 20ಕ್ಕೆ 13, 126 ಗಜ. ಇಬ್ರದ್ದೂ ಒಂದೊಂದು ಟಚ್‌ಡೌನ್. ಏಪ್ರಿಲ್‌ನಲ್ಲಿ ಊರೆಲ್ಲ ಕ್ವಾರ್ಟರ್‌ಬ್ಯಾಕ್ ಕ್ವಾರ್ಟರ್‌ಬ್ಯಾಕ್ ಅಂದಿದ್ದು, ಮ್ಯಾಚ್ ಗೆಲ್ಲಿಸಿದ್ದು ಓಹಾಯೋ ಡಿಫೆನ್ಸ್, ಅದ್ರ ಬಗ್ಗೆ ಸ್ಪ್ರಿಂಗ್‌ನಲ್ಲಿ ಲ್ಯಾಬಲ್ಲಿ ಯಾರೂ ಬಾಯಿ ಬಿಟ್ಟಿರ್ಲಿಲ್ಲ ಅಂತ ನಮ್ಮ ಹುಡುಗ ಆಮೇಲೆ ಹೇಳ್ದ. ಸೇಯನ್ ವಾರ ವಾರ ಬೆಳೀತಾ ಹೋಗಿ ಡಿಸೆಂಬರ್‌ನಲ್ಲಿ ಹೈಸ್‌ಮನ್ ಟ್ರೋಫಿಯ ಕೊನೆಯ ನಾಲ್ವರಲ್ಲಿ ಒಬ್ಬನಾದ. ಟ್ರೋಫಿ ಹೋಗಿದ್ದು ಇಂಡಿಯಾನಾದ ಫರ್ನಾಂಡೊ ಮೆಂಡೋಜಾಗೆ, ಅವನೂ ಹಿಂದಿನ ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾದ ಬೇರೆ ಕಾಲೇಜಿಂದ ಬಂದು ಆ ಸ್ಪ್ರಿಂಗ್‌ನಲ್ಲಿ ಹೊಸ ಟೀಮಿನ ಪ್ಲೇಬುಕ್ ಕಲೀತಿದ್ದವನು.

ಮ್ಯಾಚ್ ದಿನ ನಮ್ಮ ಹುಡುಗ ಮೇಲಿನ ಸಾಲಲ್ಲಿ ಸೀಟು ಸಿಕ್ತು ಅಂತ ವಿಡಿಯೋ ಕಾಲ್ ಮಾಡಿದ್ದ, ಒಂದು ಲಕ್ಷ ಜನದ ಗದ್ದಲದಲ್ಲಿ ಅವನ ಮಾತು ಒಂದೂ ಕೇಳಿಸ್ತಿರ್ಲಿಲ್ಲ. ಅಕ್ಕ ನನ್ನ ಪಕ್ಕದಲ್ಲಿ ಕೂತು "ಊಟ ಮಾಡಿದ್ಯೇನೋ" ಅಂತ ಕೂಗಿ ಕೂಗಿ ಕೇಳ್ತಿದ್ಲು, ಅವನು ಫೋನನ್ನ ಮೈದಾನದ ಕಡೆ ತಿರುಗಿಸಿ 10ನೇ ನಂಬರ್ ಜೆರ್ಸಿಯ ಸೇಯನ್‌ನ ತೋರಿಸ್ತಾನೇ ಇದ್ದ.